ಎರೆಮಣ್ಣಿನ ಮೇಲೆ ನಾಲ್ಕೂವರೆ ಬೆರಳು

"ಕೈ ಹಚ್ಚಬ್ಯಾಡ, ಶೈಲವ್ವ. ದೇವರ ಮುದ್ರಿ ಅದು."

"ದೇವರಿಗೆ ನಾಲ್ಕೂವರಿ ಬೆರಳ ಇರತಾವೇನ್ರಿ, ಹವಾಲ್ದಾರ್ರ?"

ಹವಾಲ್ದಾರ ಜಹೀರುದ್ದೀನ ಬಗ್ಗಿ ಇಣುಕಿದ. ತಲೆ ಮೇಲೆ ಕರವಸ್ತ್ರ ಹಾಕಿಕೊಂಡು ಕೆರೆಯ ಏರಿಯ ಮೇಲೆ ನಿಂತಿದ್ದ. ಕೆಳಗೆ, ಕಾಲುವೆಯೊಳಗೆ, ಶೈಲಾ ಮೊಣಕಾಲೂರಿ ಕೂತಿದ್ದಳು. ಅವಳ ಮೂಗಿನ ಮುಂದೆ ಒಂದು ಕೈ ಇತ್ತು.

ಕೈ ಅಂದರೆ ಕೈಯ ಅಚ್ಚು. ಕರಿ ಮಣ್ಣಿನ ಮೆತ್ತಿಗೆಯ ಮೇಲೆ ಆಳವಾಗಿ ಒತ್ತಿದ ಬಲಗೈ. ಉಂಗುರ ಬೆರಳು ಅರ್ಧಕ್ಕೇ ನಿಂತಿತ್ತು.

ಆ ಅರ್ಧ ಬೆರಳನ್ನು ಶೈಲಾ ಹುಟ್ಟಿದಾಗಿನಿಂದ ಬಲ್ಲಳು. ಅವಳ ಅಜ್ಜಿ, ಅವಳು ಆಯಿ ಎಂದು ಕರೆಯುವ ಮಲ್ಲಕ್ಕ, ಹರೆಯದಲ್ಲಿ ಜೋಳ ಕೊಯ್ಯುವಾಗ ಉಳಿದರ್ಧವನ್ನು ಕುಡಗೋಲಿಗೆ ಕೊಟ್ಟಿದ್ದಳು. ಅದಕ್ಕೇ ಆಯಿ ಹೆಣೆದ ಜಡೆ ಯಾವತ್ತೂ ತುಸು ಎಡಕ್ಕೆ ವಾಲುತ್ತಿತ್ತು.

ಇವತ್ತು ಶೈಲಾಳ ಜಡೆ ನೆಟ್ಟಗಿತ್ತು. ಮುಂಜಾನೆ ಬಾಚಣಿಗೆ ಹಿಡಿದು ಹೋದರೆ ಆಯಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಕೈ ನೋಯತೈತಿ, ನೀನ ಹೆಣಕೋ" ಎಂದು ಮುಖ ತಿರುಗಿಸಿದ್ದಳು.

ಕರಿಗಟ್ಟಿ ಹೆಸರಿಗೆ ನವಲಗುಂದ ತಾಲೂಕಿನ ಹಳ್ಳಿ, ನೋಡಲಿಕ್ಕೆ ಪ್ಯಾಟಿ. ಬೋರು ಹೊಡೆದರೆ ಉಪ್ಪುನೀರು ಬರುವ ಸೀಮೆ. ಕುಡಿಯಲು ಇರುವುದು ಇದೊಂದೇ ಕೆರೆ. ಹಿಂದೆ ಹೊಲಗಳ ಮಳೆನೀರಷ್ಟೇ ಹರಿಯುತ್ತಿದ್ದ ಕಾಲುವೆಗೆ ಈಗ ಬಜಾರದ ಗಟಾರವೂ ಬಂದು ಕೂಡಿದೆ. ಕೆರೆಯ ತಲೆಗಟ್ಟಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಎಡಗಡೆಯದು ಹಳ್ಳಕ್ಕೆ, ಬಲಗಡೆಯದು ಕೆರೆಗೆ. ಆ ಜಾಗಕ್ಕೆ ಕವಲುಗಲ್ಲು ಅನ್ನುತ್ತಾರೆ. ಕೆರೆಯ ಬಾಯಿಗೆ ಎರಡು ಕಲ್ಲಿನ ನಡುವೆ ಜಾಲಿ ಮರದ ಹಲಗೆ.

ಪ್ರತಿ ವರ್ಷ ಬಸವ ಜಯಂತಿಯ ದಿನ ಹಲಗೆ ಇಳಿಸಿ, ಸಂದಿಗೆಲ್ಲ ಎರೆಮಣ್ಣು ಮೆತ್ತುತ್ತಾರೆ. ಅದರ ಮೇಲೆ ಮಲ್ಲಕ್ಕನ ಮನೆತನದ ಹಿರಿಯ ಹೆಂಗಸು ಬಲಗೈ ಒತ್ತಬೇಕು. ಬೆರಳಿನ ತುದಿಗೊಂದರಂತೆ ಐದು ಹೆಸರುಕಾಳು. ಕಾಳಿಲ್ಲದ ಮುದ್ರೆ ಮುದ್ರೆಯಲ್ಲ. ಮುಂಗಾರಿನ ಮೂರು ಮಳೆ ಆಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

"ಮೊದಲ ಮಳಿ ಕಳ್ಳ," ಎಂದು ಆಯಿ ಜಡೆ ಹೆಣೆಯುತ್ತ ಹೇಳುತ್ತಿದ್ದಳು. "ಓಣಿ ಓಣಿ ತಡಕಿ, ಸಿಕ್ಕದ್ದೆಲ್ಲ ಗಂಟ ಕಟಗೊಂಡ ಬರತಾನ. ಎರಡನೇ ಮಳಿ ಬೀಗರು. ಕಾಲ ತೊಳಕೊಂಡ ಬರತಾರ ಖರೆ, ಆದರ ಪೂರಾ ನಂಬಬಾರದು. ಮೂರನೇದು ಮನಿ ಮಗಳು. ಮಗಳಿಗಷ್ಟ ಬಾಗಲಾ ತಗೀಬೇಕು."

ಕಳ್ಳ ಶನಿವಾರ ಸಂಜೆ ಬಂದುಹೋಗಿದ್ದ. ಆಯಿತವಾರ ಸಂಜೆಯಿಂದ ಊರಲ್ಲಿ ವಾಂತಿ. ಇವತ್ತು ಮಂಗಳವಾರ, ಮೂವತ್ತೊಂದು ಜನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ.

ಮುದ್ರೆ ಹಾಗೇ ಇದೆ, ಅಂದಮೇಲೆ ಓಣಿಯ ನೀರು ಕೆರೆಗೆ ಇಳಿದಿಲ್ಲ, ಎಂದು ಊರು ತೀರ್ಮಾನಿಸಿತ್ತು. ಹಾಗಾದರೆ ತಪ್ಪು ನೀರು ಬಿಡುವ ಮೈಲಾರಪ್ಪನದೇ. ಬ್ಲೀಚಿಂಗ್ ಪುಡಿ ಹಾಕದೆ ಬಿಟ್ಟಿದ್ದಾನೆ. ನಾಲ್ಕು ಗಂಟೆಗೆ ಪಂಚಾಯ್ತಿಯ ಸಭೆ. ಅಲ್ಲಿಂದ ಜಹೀರುದ್ದೀನ ಅವನನ್ನು ಠಾಣೆಗೆ ಕರೆದೊಯ್ಯಬೇಕು. ಇಪ್ಪತ್ತೆರಡು ವರ್ಷ ಊರಿಗೆ ನೀರು ಕೊಟ್ಟವನು.

ಆದರೆ ತಾಲೂಕಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದ ಶೈಲಾ ನಿನ್ನೆಯೇ ನಳದ ನೀರಿಗೆ ಎರಡು ಹನಿ ಔಷಧ ಹಾಕಿ ನೋಡಿದ್ದಳು. ನೀರು ಅಗದಿ ಹಳದಿಯಾಗಿತ್ತು. ಬ್ಲೀಚಿಂಗ್ ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಬ್ಲೀಚಿಂಗಿಗೂ ಬಗ್ಗದ್ದೇನೋ ಕೆರೆಗೆ ಇಳಿದಿತ್ತು.

"ಬಸವ ಜಯಂತಿ ಆಗಿ ಎಷ್ಟ ದಿನ ಆತ್ರಿ?" ಶೈಲಾ ಕೇಳಿದಳು.

"ನಲವತ್ತರ ಮ್ಯಾಲ."

"ನಲವತ್ತ ದಿನ ಬಿಸಲಾಗ ಬಿದ್ದ ಎರಿಮಣ್ಣ ಹೆಂಗ ಆಗತೈತಿ?"

"ಬಿರಕ ಬಿಡತೈತಿ. ನಮ್ಮ ಹೊಲದಾಗ ಎಮ್ಮಿ ಕಾಲ ಸಿಕ್ಕಿ, ನಾಕ ಮಂದಿ ಎತ್ತೀವಿ."

"ಇದರಾಗ ಒಂದ ಬಿರಕ ತೋರಸ್ರಿ."

ಜಹೀರುದ್ದೀನ ಬೂಟು ಕೈಯಲ್ಲಿ ಹಿಡಿದುಕೊಂಡೇ ಕೆಳಗಿಳಿದ. ಕುಡಿಯುವ ಕೆರೆಯ ಹತ್ತಿರ ಯಾರೂ ಮೆಟ್ಟಿನಲ್ಲಿ ಬರುವುದಿಲ್ಲ. ಬಗ್ಗಿ ನೋಡಿದ.

"ಮಳಿ ಬಿತ್ತಲ್ಲ. ನೀರ ಕುಡದು ಉಬ್ಬಿ, ಬಿರಕ ಮುಚ್ಚಿರಬೇಕು."

"ಉಬ್ಬಿದ್ರ ಅಂಗೈ ಗೆರಿ ಉಳೀತಿದ್ವೇನ್ರಿ? ನೋಡ್ರಿ, ಆಯುಷ್ಯದ ಗೆರಿ ಸುದ್ದಾ ಐತಿ." ಅವಳು ಬೆರಳಿನ ತುದಿಯ ಗುಳಿಯೊಂದನ್ನು ತೋರಿಸಿದಳು. ಹೆಸರುಕಾಳು ಸಿಪ್ಪೆ ಬಿರಿದು ಉಗುರಷ್ಟು ಉದ್ದದ ಬಿಳಿ ಮೊಳಕೆ ಚಾಚಿತ್ತು. "ಈ ಮೊಳಕಿ ಎಷ್ಟ ದಿನದ್ದು?"

"ಎರಡು… ಮೂರು."

"ಮತ್ತ ಬಣ್ಣಾ?"

ಜಹೀರುದ್ದೀನ ಕಣ್ಣು ಕಿರಿದು ಮಾಡಿದ. ಹೆಸರುಕಾಳು ಹಸಿರಿರಬೇಕು. ಇದು ಗುಲಾಬಿ. ಕಾಳಿನ ಸುತ್ತ ಕರಿ ಮಣ್ಣಿಗೂ ಗುಲಾಬಿ ಬಣ್ಣ ಇಳಿದಿತ್ತು.

"ಅಂಗಡಿ ಬೀಜ," ಶೈಲಾ ಅಂದಳು. "ಹುಳ ಹತ್ತಬಾರದಂತ ಔಷಧ ಸವರಿದ್ದು. ನಮ್ಮ ಮನ್ಯಾಗ ಮುದ್ರಿಗೆ ಗಡಗಿಯೊಳಗಿನ ಮನಿ ಕಾಳ ಬಿಟ್ಟ ಬ್ಯಾರೆ ಇಡೂದಿಲ್ಲ."

"ಅಂದ್ರ ಶನಿವಾರ ಮಳಿ ಬಿದ್ದ ಮ್ಯಾಲೆ ಮಲ್ಲಕ್ಕಾಯಿ…"

"ಯಾರರ ಅಕಿ ಕೈ ಅಚ್ಚ ತಗದು ಮಾಡಿರಬೇಕು." ಮಾತು ಅವಳ ಬಾಯಿಂದ ಬಹಳ ಬೇಗ ಬಿತ್ತು.

ಜಹೀರುದ್ದೀನ ಅವಳ ಕಡೆ ತಿರುಗಿದ. ಆಗ ಅವನ ಕಣ್ಣು ನೆರೆಮನೆಯವನದಾಗಿರಲಿಲ್ಲ, ಪೊಲೀಸನದಾಗಿತ್ತು.

"ಮೂವತ್ತ ವರ್ಷದಾಗ ಭಾಳ ಬೆರಳಚ್ಚ ನೋಡೀನಿ, ತಂಗಿ. ಮನೀ ಮಂದಿದು ಬಂದಾಗ ಎಲ್ಲಾರೂ ಇದ ಮಾತ ಅಂತಾರ."

ಶೈಲಾ ಚೀಲದಿಂದ ಕಳೆ ಕೀಳುವ ಖುರಪಿ ತೆಗೆದಳು. ಮುದ್ರೆಯ ಸುತ್ತ ನಿಧಾನಕ್ಕೆ ಕೊರೆದು, ಕೈಯಚ್ಚಿನ ಸಮೇತ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಬಿಡಿಸಿದಳು. ರೊಟ್ಟಿಯಷ್ಟು ಅಗಲ, ಅರ್ಧ ಗೇಣು ದಪ್ಪ. ಊಟದ ದೊಡ್ಡ ಡಬ್ಬಿ ಖಾಲಿ ಮಾಡಿ ಅದನ್ನು ಒಳಗಿಟ್ಟಳು. ರೊಟ್ಟಿ ಪಲ್ಲೆ ಜಹೀರುದ್ದೀನನ ಕೈಗೆ ಹೋದವು.

"ಸಾಕ್ಷಿಗೆ ಡಬ್ಬಿ, ಪೊಲೀಸಗ ರೊಟ್ಟಿ," ಅಂದ ಅವನು. "ಬರೋಬ್ಬರಿ ಐತಿ."

ಮಣ್ಣು ಬಿಟ್ಟ ಜಾಗದಲ್ಲಿ ಹಿಂದೆ ಇನ್ನೂ ಹಸಿ ಮಣ್ಣೇ ಇತ್ತು. ಒಂದೆರಡು ಗೋಣಿಚೀಲದ ಎಳೆ ಹೊರಗೆ ಚಾಚಿದ್ದವು. ಕಣ್ಣಂಚಿನ ಹನಿಯಷ್ಟು ನೀರು ಒಸರಿ ಕೆಳಗಿಳಿಯಿತು. ಶೈಲಾ ನೋಡಿದಳು. ಆದರೆ ಅವಳ ತಲೆ ತುಂಬ ಆ ಗುಲಾಬಿ ಕಾಳೇ ಇದ್ದವು.

*

ಬಜಾರಕ್ಕೆ ಹೋಗುವ ದಾರಿಯಲ್ಲಿ ಮಾತು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಿಲ್ಲುತ್ತಿತ್ತು, ಹತ್ತು ಹೆಜ್ಜೆ ಹಿಂದೆ ಮತ್ತೆ ಶುರುವಾಗುತ್ತಿತ್ತು. ಕಟ್ಟೆಯ ಮೇಲಿನವರು ಅವಳ ಡಬ್ಬಿ ನೋಡಿದರು. ಕೊಡ ಹಿಡಿದ ಹೆಂಗಸೊಬ್ಬಳು ಬಾಗಿಲು ಅರ್ಧ ಮುಂದೆ ಮಾಡಿಕೊಂಡಳು.

ಹಿಂದಿನಿಂದ ಬಂದ ಬೈಕೊಂದು ಅವಳ ಬಾಜೂಕೇ ನಿಂತಿತು. ಕಾಕಾ. ಅವಳ ತಂದೆಯ ತಮ್ಮ ಮಡಿವಾಳೆಪ್ಪ, ಪಂಚಾಯ್ತಿಯ ಮೆಂಬರು, ಆಯಿಯ ಕಿರಿಮಗ. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಎಲ್ಲಿಗೆ ಹೊಂಟೀದಿ?"

"ಬಜಾರಕ್ಕ, ಕಾಕಾ."

"ಬಿಸಲಾಗ ಯಾಕ ತಿರಗತಿ? ತಪ್ಪ ಮೈಲಾರಪ್ಪಂದಂತ ಹುಟ್ಟಿದ ಕೂಸಿಗೂ ಗೊತ್ತೈತಿ. ನಿನ್ನ ಕೆಲಸ ನೀರ ನೋಡೂದು. ಮಣ್ಣ ನೋಡೂದಲ್ಲ."

ಬೈಕು ಹೋಯಿತು. ಶೈಲಾ ಅಲ್ಲೇ ನಿಂತಳು.

ಮಣ್ಣು ನೋಡಿದ್ದು ಇವನಿಗೆ ಹೇಗೆ ಗೊತ್ತಾಯಿತು? ಕವಲುಗಲ್ಲಿನ ಹತ್ತಿರ ಅವಳು, ಹವಾಲ್ದಾರ ಬಿಟ್ಟರೆ ಯಾರೂ ಇರಲಿಲ್ಲ. ಅಥವಾ, ಅಲ್ಲಿ ನೋಡುವಂಥದ್ದು ಮಣ್ಣೇ ಎಂದು ಕಾಕಾನಿಗೆ ಮೊದಲೇ ಗೊತ್ತಿತ್ತೆ?

*

ಊರಿಗೆಲ್ಲ ಒಂದೇ ಬೀಜ-ಗೊಬ್ಬರದ ಅಂಗಡಿ. ಮಾಲೀಕ ಸಂಗನಬಸವ. ಎತ್ತರದ ಮನುಷ್ಯ, ನಗು ಅದಕ್ಕಿಂತ ಎತ್ತರ.

"ಬಾ ತಂಗಿ, ಬಾ! ಬೀರಲಿಂಗ, ಚಾ ತಾರಪಾ."

ಹೆಸರು ಬಿತ್ತುವ ಹಂಗಾಮು. ಅಂಗಡಿ ಗಿಜಿಗುಡಬೇಕಾದ ಹೊತ್ತು. ಆದರೆ ಹಿಂದಿನ ಗೋದಾಮಿನ ಬಾಗಿಲಿಗೆ ಕೀಲಿ, ಅಂಗಳದಲ್ಲಿ ಹಾಸಿದ ತಾಡಪತ್ರಿಯ ಮೇಲೆ ಒಣಹಾಕಿದ ಕಾಳು. ಗುಲಾಬಿ ಕಾಳು. ಗೋದಾಮಿನ ಗೋಡೆಗೆ ಮೊಣಕಾಲೆತ್ತರದಲ್ಲಿ ಒಂದು ಗೆರೆ; ಅದರ ಕೆಳಗೆ ಸುಣ್ಣ ತೊಯ್ದು ಉಬ್ಬಿತ್ತು.

"ಚಾ ಬ್ಯಾಡ್ರಿ, ಅಣ್ಣಾರ. ನೀರಿನ ಮ್ಯಾಲೆ ನಂಬಿಗಿ ಇಲ್ಲ."

"ನಮ್ಮ ಚಾ ಕುಡೀರಿ, ಅಕ್ಕಾರ," ಎಂದು ಲೋಟ ತಂದ ಹಮಾಲ ಬೀರಲಿಂಗ ನಕ್ಕ. "ಆಯಿತವಾರ ಮುಂಜಾನಿಂದ ನಮ್ಮಲ್ಲಿ ಕ್ಯಾನಿನ ನೀರ. ಸಾವಕಾರ್ರು ಮನೀಗೂ ಅದನ್ನ ಒಯ್ದಾರ."

ಸಂಗನಬಸವನ ನಗು ಅಲ್ಲೇ ನಿಂತಿತು.

"ಆಯಿತವಾರ ಮುಂಜಾನಿ," ಶೈಲಾ ಮೆಲ್ಲಗೆ ಅಂದಳು. "ಮೊದಲ ವಾಂತಿ ಆಗಿದ್ದು ಆಯಿತವಾರ ಸಂಜಿಗೆ. ಊರಿಗೆ ಬ್ಯಾನಿ ಬರೂದು ನಿಮಗ ಅರ್ಧಾ ದಿನ ಮೊದಲ ಹೆಂಗ ಗೊತ್ತಾತ್ರಿ?"

"ಬೀರ್ಯಾ, ಹೊರಗ ಹೋಗ."

"ಚಾ…"

"ಹೋಗಲೇ!"

ಬೀರಲಿಂಗ ಹೋದ. ಶೈಲಾ ಡಬ್ಬಿಯ ಮುಚ್ಚಳ ತೆರೆದು ಅವನ ಮುಂದಿಟ್ಟಳು. ಸಂಗನಬಸವ ಕೈಯಚ್ಚನ್ನು ನೋಡಿದ, ಕಾಳನ್ನು ನೋಡಿದ. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

"ಗೋದಾಮದಾಗ ಎಷ್ಟ ಚೀಲ ತೊಯ್ದ್ವು?"

ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ.

"ಗೋಡಿ ಮ್ಯಾಲೆ ಗೆರಿ ಐತಿ, ಅಣ್ಣಾರ. ಮೊಣಕಾಲ ಮಟ ನೀರ ಬಂದೈತಿ. ತೊಯ್ದ ಬೀಜದ ಔಷಧ ನೀರಾಗ ಕೂಡಿ ಎಲ್ಲಿಗೆ ಹೋತು? ಕೆರಿ ತಳಾ ಕಂಡಿತ್ತು ಈ ಬ್ಯಾಸಗ್ಯಾಗ. ಇದ್ದ ನಾಕ ಕೊಡ ನೀರಿಗೆ ಅದು ಕೂಡಿದ್ರ ಏನಾಗತೈತಿ, ಔಷಧ ಮಾರೂ ನಿಮಗ ನಾ ಹೇಳಬೇಕೇನ್ರಿ?"

"ನಾ ವಿಷಾ ಹಾಕಿಲ್ಲ!"

"ಹಲಗಿ ಎತ್ತೀರಿ."

ಹೊರಗೆ ತಾಡಪತ್ರಿಯ ಮೇಲೆ ಬೀರಲಿಂಗ ಕಾಳು ಎಳೆಯುವ ಸದ್ದು ಬರುತ್ತಿತ್ತು. ಸರ್… ಸರ್…

"ಎತ್ತೀನಿ," ಅಂದ ಸಂಗನಬಸವ. ಮುಖ ಕುಗ್ಗಿತ್ತು. "ಏನ ಮಾಡಬೇಕಿತ್ತು ನಾನು? ಬಜಾರದ ನೀರೆಲ್ಲ ತಿರಿಗಿ ನನ್ನ ಗೋದಾಮಿನಾಗ ಬಂತು. ಊರಿನ ಬಿತ್ತೂ ಬೀಜ ಅಲ್ಲಿತ್ತು. ಹಾರಿ ತಗೊಂಡ ಓಡಿದೆ. ಹಲಗಿ ಜಗ್ಗಲಿಲ್ಲ. ಹಾರಿ ಹಾಕಿ ಎಬ್ಬಿಸಿದೆ, ಚಟ್ ಅಂತು, ನೀರ ದಬದಬ ಕೆರಿಗೆ ಇಳೀತು. ನನಗ ಆಗ ಬೀಜದ ಬಿಟ್ಟ ಬ್ಯಾರೆ ನೆನಪಿರಲಿಲ್ಲ. ಮನೀಗೆ ಬಂದ ಕೈ ತೊಳಕೊಂಡಾಗ ಬಣ್ಣಾ ನೋಡಿದೆ. ಅದ ಔಷಧ ಕೆರಿಗೂ ಇಳದಿತ್ತು."

"ಮತ್ತ ಊರಿಗೆ ಹೇಳಲಿಲ್ಲ. ಕ್ಯಾನ್ ತರಸಿದ್ರಿ."

ಅವನು ವಿಭೂತಿ ಕರಗಿದ ಹಣೆ ಒರೆಸಿಕೊಂಡ.

"ಮುದ್ರಿ ಯಾವಾಗ ಹಾಕಿದ್ರಿ?"

"ಮುದ್ರಿ ನಾ ಹಾಕಿಲ್ಲ."

"ಅಣ್ಣಾರ…"

"ಈ ಕೈಲೆ ಹಾಕ್ಲೇನು?" ಅವನು ಎರಡೂ ಅಂಗೈ ಚಾಚಿದ. ಮೊರದಷ್ಟು ಅಗಲ. ಹತ್ತೂ ಬೆರಳು ಪೂರ್ತಿ. "ಆಯಿತವಾರ ಹೊತ್ತ ಹೊಂಡೂದ್ರಾಗ ಹಲಗಿ ಇಳಸಾಕಂತ ಹ್ವಾದ್ನಿ. ಅಷ್ಟ್ರಾಗ ಅದು ಮುಚ್ಚಿತ್ತು. ಮುದ್ರಿ ಬಿದ್ದಿತ್ತು. ಅಲ್ಲೇ ಕೈ ಮುಗದೆ, ತಂಗಿ. ಕೆರಿ ದೇವ್ರ ತಾನ ಬಾಗಲಾ ಹಾಕ್ಕೊಂಡ್ಲು ಅನಕೊಂಡೆ."

ಶೈಲಾ ನಂಬಲು ಹೆದರಿದಳು. ನಂಬದಿರಲೂ ಹೆದರಿದಳು.

"ಮೂವತ್ತೊಂದ ಮಂದಿ ಮಲಗ್ಯಾರ. ಮೈಲಾರಪ್ಪನ ಹೆಂಡ್ತಿ ದೇವಕ್ಕಗ ಇನ್ನ ಎಚ್ಚರಿಲ್ಲ. ನಾಕಕ್ಕ ಸಭಾದಾಗ ಬಂದು ಇಷ್ಟ ಹೇಳ್ರಿ."

"ಹೇಳತೀನಿ." ಸಂಗನಬಸವನ ಧ್ವನಿಯಲ್ಲಿ ಈಗ ಬೇರೆಯೇ ಏನೋ ಇತ್ತು. "ಆದರ ಅದಕ್ಕ ಮೊದಲ ಒಂದ ಮಾತ ಕೇಳಕೋ. ಬಜಾರದ ನೀರು ಹಳ್ಳಕ್ಕ ಹೋಗಬೇಕಿತ್ತಲ್ಲ. ಅದು ನನ್ನ ಗೋದಾಮಿಗೆ ಯಾಕ ಬಂತು?"

ಇದನ್ನು ಶೈಲಾ ಯೋಚಿಸಿರಲಿಲ್ಲ.

"ಹಳ್ಳದ ಕವಲ ಮುಚ್ಚೈತಿ. ಆ ಏರಿ ಆಚಿಗಿನ ಜಾಲಿ ಗಿಡಾ ದಾಟಿ ಹೋಗಿ ನೋಡ. ಮೂವತ್ತ ಟಿಪ್ಪರ್ ಗರಸ ಮಣ್ಣ ಸುರವಿ, ಮ್ಯಾಲೆ ಬಿಳಿ ಕಲ್ಲ ನೆಟ್ಟ ಪ್ಲಾಟ ಮಾಡ್ಯಾರ."

"ಯಾರು?"

"ಡಬ್ಬಿ ಮುಚ್ಚಗೊ, ತಂಗಿ. ಮನೀಗೆ ಹೋಗಿ ನಿಮ್ಮ ಕಾಕಾನ್ನ ಕೇಳ."

*

ಕೇಳಲು ಹೊತ್ತಿರಲಿಲ್ಲ. ನಾಲ್ಕು ಗಂಟೆಗೆ ಪಂಚಾಯ್ತಿಯ ತಗಡಿನ ಛಾವಣಿಯ ಕೆಳಗೆ ಊರು ಸೇರಿತ್ತು. ಮೋಡ ಕವಿದು ಒಳಗೆ ದೀಪ ಹಾಕಿದ್ದರು.

ಪಂಚಾಯ್ತಿ ಅಧಿಕಾರಿ ಸವಿತಾ ಮೇಡಂ ಮೇಜಿನ ಹಿಂದೆ. ಅವರ ಮುಂದೆ ಬರೆದಿಟ್ಟ ದೂರು, ಸಹಿ ಒಂದೇ ಬಾಕಿ. ಪಕ್ಕದ ಕುರ್ಚಿಯಲ್ಲಿ ಮಡಿವಾಳೆಪ್ಪ. ಹಿಂದಿನ ಸಾಲಿನಲ್ಲಿ ಸಂಗನಬಸವ, ತಲೆ ಬಗ್ಗಿಸಿಕೊಂಡು. ಬಾಗಿಲ ಹತ್ತಿರ ಮೈಲಾರಪ್ಪ ಟವೆಲ್ಲನ್ನು ಎರಡೂ ಕೈಯಿಂದ ಹಿಂಡುತ್ತಿದ್ದ. ಅವನ ಪಕ್ಕಕ್ಕೆ ಲಾಠಿ ಹಿಡಿದು ಜಹೀರುದ್ದೀನ.

ನಡುವೆ ಚಾಪೆಯ ಮೇಲೆ ಆಯಿ. ಬಲಗೈ ಇನ್ನೂ ಸೆರಗಿನೊಳಗೆ.

"ಮಲ್ಲಕ್ಕಾಯಿ, ಮುದ್ರಿ ನಿಮ್ಮದ ಹೌದಲ್ರಿ?" ಸವಿತಾ ಕೇಳಿದರು.

"ನಂದ ರೀ."

"ಯಾವಾಗಿಂದು?"

ಆಯಿ ಕಿರಿಮಗನ ಕಡೆ ಒಮ್ಮೆ ನೋಡಿದಳು. ಕಾಕಾ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದ.

"ಬಸವ ಜಯಂತೀದು. ಆಮ್ಯಾಲೆ ಯಾರೂ ಮುಟ್ಟಿಲ್ಲ. ಕೆರಿ ಆಣಿ."

ಆಯಿಯ ಕತೆಗಳಲ್ಲಿ ಕೆರೆಯ ಆಣೆ ಇಟ್ಟು ಸುಳ್ಳು ಹೇಳಿದವರ ತಲೆ ಸಾವಿರ ಹೋಳಾಗುತ್ತಿತ್ತು. ಶೈಲಾ ಕಾದಳು. ಫ್ಯಾನು ತಿರುಗುತ್ತಲೇ ಇತ್ತು.

"ಆಯೀ…" ಮೈಲಾರಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಿಮ್ಮ ಮುಂದ ಹುಟ್ಟಿ ಬೆಳದಾಂವ ನಾನು. ಬ್ಲೀಚಿಂಗ್ ಹಾಕದ ಬಿಟ್ಟಿದ್ರ ಆ ನೀರ ನನ್ನ ಹೆಂಡ್ತಿಗೆ ಕುಡಸ್ತಿದ್ನೇನ್ ಬೇ?"

ಆಯಿ ಅವನ ಕಡೆ ನೋಡಲಿಲ್ಲ. ಸವಿತಾ ಪೆನ್ನು ತೆಗೆದರು.

ಶೈಲಾಗೆ ಈಗ ಎಲ್ಲ ಕಾಣುತ್ತಿತ್ತು. ಸತ್ಯ ಹೇಳಿದರೆ ಮುದ್ರೆ ಸುಳ್ಳಾಗುತ್ತದೆ. ಹಲಗೆ ಎತ್ತಿದ್ದು ಯಾಕೆ ಅನ್ನುವ ಮಾತು ಬರುತ್ತದೆ, ಹಳ್ಳದ ಕವಲು ಬರುತ್ತದೆ, ಕಾಕಾ ಬರುತ್ತಾನೆ. ಆಯಿ ಮಗನ ಮುಂದೆ ಬಾಗಿಲು ಹಾಕಿ ನಿಂತಿದ್ದಳು. ಬಾಗಿಲ ಹೊರಗೆ ಮೈಲಾರಪ್ಪ.

ಅವಳು ಎದ್ದಳು. ಡಬ್ಬಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

"ಸಹಿ ಮಾಡಬ್ಯಾಡ್ರಿ, ಮೇಡಂ. ಈ ಮುದ್ರಿ ನಲವತ್ತ ದಿನದ್ದಲ್ಲ. ಮೊನ್ನೀದು."

"ಶೈಲಾ!" ಕಾಕಾ ಎದ್ದ. "ಯಾರ ಮುಂದ ಏನ ಮಾತಾಡಾಕತ್ತಿ? ಸ್ವಂತ ಆಯಿನ್ನ ಸುಳ್ಳಿ ಅಂತೀಯಾ?"

"ಮಣ್ಣ ಅಂತೈತಿ, ಕಾಕಾ. ಮುಂಜಾನಿ ನೀವ ಹೇಳಿದ್ರಲ್ಲ, ಮಣ್ಣ ನೋಡಬ್ಯಾಡಂತ."

ಸಭೆ ಗುಸುಗುಸು ಎಂದಿತು. ಹಿಂದಿನ ಸಾಲಿನಲ್ಲಿ ಸಂಗನಬಸವ ತಲೆ ಎತ್ತಿದ. ಶೈಲಾ ಹೆಂಟೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು: ನಾಲ್ಕೂವರೆ ಬೆರಳು, ಐದು ಗುಲಾಬಿ ಕಾಳು, ಐದು ಬಿಳಿ ಮೊಳಕೆ. ಆಯಿಯ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಆದರೂ ನೋಡಿದಳು.

ಆಯಿ ಸಿಟ್ಟಾಗಿರಲಿಲ್ಲ. ನಾಚಿರಲಿಲ್ಲ. ಕೈಯಚ್ಚನ್ನು ಅವಳು ನೋಡುತ್ತಲೇ ಇರಲಿಲ್ಲ. ಹೆಂಟೆಯ ದಪ್ಪವನ್ನು ನೋಡುತ್ತಿದ್ದಳು.

"ಮುದ್ರಿ ಕಿತ್ತೀಯೇನ?"

"ಹೂಂ, ಆಯಿ."

"ಪೂರಾ?"

"ಪೂರಾ."

"ಯಾವಾಗ?"

"ಮುಂಜಾನಿ, ಹನ್ನೊಂದಕ್ಕ."

"ಹಂಗಾರ ಈಗ ಅಲ್ಲಿ ಏನೈತಿ?" ಆಯಿ ಚಾಪೆಯಿಂದ ಏಳಲು ಹೋಗಿ ಕೈಯೂರಿದಳು. ಸೆರಗು ಜಾರಿತು. ಉಗುರಿನ ಬುಡದಿಂದ ಅಂಗೈವರೆಗೂ ಗುಲಾಬಿ. ಮೂರು ದಿನ ತಿಕ್ಕಿದರೂ ಹೋಗದ ಗುಲಾಬಿ.

"ಹಲಗಿ ಐತಲ್ಲ, ಆಯಿ."

"ಎಲ್ಲೈತಿ ಹಲಗಿ, ಹುಚ್ಚಿ? ಹಾರಿ ಹಾಕಿ ಕೆಳಗಿನ ಅರ್ಧ ಚೂರ ಮಾಡ್ಯಾರ. ಶನಿವಾರ ರಾತ್ರಿ ನಾ ಹೋದಾಗ ನೀರ ಹೊಕ್ಕೊಂಡ ಹೊಂಟಿತ್ತು. ಸಿಕ್ಕ ಗೋಣಿಚೀಲ ತುರಕಿ, ಮಣ್ಣ ಬಡದು, ಕಲ್ಲಿಗೆ ಸಿಕ್ಕೊಂಡಿದ್ದ ಐದ ಕಾಳ ಆರಿಸಿ ಒತ್ತಿ ಬಂದೀನಿ." ಆಯಿ ಹೆಂಟೆಯ ಕಡೆ ಬೆರಳು ಮಾಡಿದಳು. "ಆ ಮಣ್ಣ ಹಲಗಿ, ಶೈಲಾ! ನೀ ಕೈಯಾಗ ಹಿಡದೀಯಲ್ಲ, ಅದ ಹಲಗಿ!"

ಗೋಣಿಚೀಲದ ಎಳೆ. ಕಣ್ಣಂಚಿನ ಹನಿಯಷ್ಟು ನೀರು. ಎರಡೂ ಒಟ್ಟಿಗೆ ಶೈಲಾಳ ಕಣ್ಣ ಮುಂದೆ ಬಂದವು.

ತಗಡಿನ ಮೇಲೆ ಟಪ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಂದು.

ಹಳ್ಳದ ಕವಲು ಮುಚ್ಚಿದೆ. ಗೋದಾಮಿನ ನೆಲದಲ್ಲಿ ಔಷಧದ ಕೆಸರು ಹಾಗೇ ಇದೆ. ಅಂಗಳದ ತಾಡಪತ್ರಿಯ ಮೇಲೆ ರಾಶಿ ರಾಶಿ ಗುಲಾಬಿ ಕಾಳು. ಇನ್ನು ಬಜಾರದ ನೀರಿಗೆಲ್ಲ ಇರುವುದು ಒಂದೇ ದಾರಿ.

ಮೊದಲು ಹೊರಟವನು ಮೈಲಾರಪ್ಪ. "ಪಂಚಾಯ್ತಿ ಹಿಂದ ಹಳೇ ಹಲಗಿ ಐತ್ರಿ! ಕಲ್ಲಿನ ಸಂದಿಯೊಳಗ ಕೂಡಸೂದು ನನಗೊಬ್ಬಗ ಗೊತ್ತು, ಬಿಡ್ರಿ ನನ್ನ!"

ಅವನ ಎದೆಗೆ ಅಡ್ಡ ಲಾಠಿ ಬಂತು. ಜಹೀರುದ್ದೀನ ಮೇಡಂ ಕಡೆ ನೋಡಿದ. "ನೀವ ಹೇಳ್ರಿ, ಬಿಡತೀನಿ. ಆರೋಪಿ ಅಂತ ನನ್ನ ಕೈಯಾಗ ಕೊಟ್ಟೀರಿ."

"ಬಿಡಬ್ಯಾಡ್ರಿ," ಕಾಕಾ ಅಂದ. "ಬಿಟ್ರ ಊರ ಬಿಟ್ಟ ಓಡತಾನ."

"ನಾ ಏನಂತ ಬಿಡ್ಲಿ?" ಸವಿತಾ ಎದ್ದು ನಿಂತಿದ್ದರು. "ತಪ್ಪ ಇವಂದಲ್ಲಾಂದ್ರ ಯಾರದು? ಹಲಗಿ ಎತ್ತಿದ್ದ ಯಾರು, ನೀರ ತಿರಿಗಿ ಬಂದಿದ್ದ ಯಾಕ? ಮಲ್ಲಕ್ಕಾಯಿ, ಈಗಿಂದೀಗ ಬಾಯಿ ಬಿಟ್ಟ ಹೇಳ್ರಿ."

ಸಂಗನಬಸವನ ಕುರ್ಚಿ ಖಾಲಿಯಾಗಿತ್ತು. ಹೊರಗೆ ಯಾವುದೋ ಬೈಕು ಗುಡುಗುತ್ತ ಬಜಾರದ ಕಡೆ ಹೋಯಿತು.

ಆಯಿ ಮಗನನ್ನು ನೋಡಿದಳು. ಕಾಕಾ ಯಾರಿಗೂ ಕಾಣದಷ್ಟು ಸಣ್ಣದಾಗಿ ತಲೆ ಅಲ್ಲಾಡಿಸಿದ. ಬೇಡ. ಆಯಿ ಮೈಲಾರಪ್ಪನನ್ನು ನೋಡಿದಳು. ಕೊನೆಗೆ ತನ್ನ ಗುಲಾಬಿ ಕೈಯನ್ನು ನೋಡಿಕೊಂಡಳು, ಬೇರೆ ಯಾರದೋ ಕೈ ಅನ್ನುವ ಹಾಗೆ.

ಕವಲುಗಲ್ಲಿಗೆ ಅದನ್ನು ಮತ್ತೆ ಮೆತ್ತಲೆಂದು ಶೈಲಾ ಹೆಂಟೆಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಅವಳ ಬೆವರಿಗೆ ಮಣ್ಣು ಮೆತ್ತಗಾಗುತ್ತಿತ್ತು, ಬೆರಳೊಂದೊಂದೇ ಅಳಿಸುತ್ತಿತ್ತು.

ತಗಡಿನ ಮೇಲೆ ಬೀಗರು ಕಾಲು ತೊಳೆಯಲು ಶುರುಮಾಡಿದ್ದರು.